ತನಿಖೆಗೆ ಬಂದ ಗಂಡು

ಅವರು ಬಂದ ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಕತ್ತರಿಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದೆ. ಬೇಲಿಯಾಚೆಯಿಂದ ಯಾರೋ, "ಇಲ್ಲಿ ಮಿಡ್‌ವೈಫ್ ವೆಂಕಟರತ್ನಮ್ಮ ಅಂದ್ರೆ ಯಾರು?" ಎಂದರು. ಅವಸರದ ದನಿ. ಯಾರ ಹೆಂಡತಿಗೋ ದಿನ ತುಂಬಿದೆ ಅಂದುಕೊಂಡೆ.

"ನೋವು ಶುರುವಾಗಿ ಎಷ್ಟೊತ್ತಾಯ್ತು?" ಎಂದೆ, ಒಲೆಯಿಂದ ಮುಖ ಎತ್ತದೆ.

"ನನಗೇನೂ ನೋವಿಲ್ಲ."

ತಲೆ ಎತ್ತಿದೆ. ಕರಿ ಕೋಟು, ಜರಿಯಂಚಿನ ಪೇಟ, ಕೆಂಪು ಧೂಳು ಮೆತ್ತಿದ ಬೂಟು. ಮುಖ ಮಾತ್ರ ನಗು ತಡೆಯಲು ಒದ್ದಾಡುತ್ತಿತ್ತು.

"ನಿಮಗಲ್ಲ ಸ್ವಾಮಿ, ನಿಮ್ಮ ಮನೆಯವರಿಗೆ!"

"ಹಾಗಂತ ಇನ್ನೂ ಯಾರೂ ಇಲ್ಲ," ಎಂದರು. ಅದನ್ನು ಹೇಳುವಾಗ ನನ್ನನ್ನೇ ಯಾಕೆ ನೋಡಬೇಕಿತ್ತು?

ಹೆಸರು ಕದಿರೇಶ. ಬೆಂಗಳೂರಿನ ಲೆಕ್ಕ ತನಿಖೆ ಆಫೀಸಿನವರು. ನಮ್ಮ ಕೋಲಾರ ಜಿಲ್ಲೆಯ ಯಾವ ಅಧಿಕಾರಿಗೂ ಅವರು ಕೈಕಟ್ಟಿ ನಿಲ್ಲಬೇಕಾಗಿಲ್ಲ. ಸರ್ಕಾರ ಕೊಟ್ಟ ಸಂಬಳಕ್ಕೆ ತಕ್ಕ ಕೆಲಸ ಜನಕ್ಕೆ ಸಿಕ್ಕಿದೆಯೇ ಎಂದು ಮನೆಮನೆಗೆ ಹೋಗಿ ನೋಡುವುದು ಅವರ ಕೆಲಸ. ಹೋಳೂರಿನ ಮಿಡ್‌ವೈಫ್ ಮನೆಯಲ್ಲೇ ಕೂತು ಇಲ್ಲದ ಹೆರಿಗೆಗಳನ್ನು ಬರೆದುಕೊಳ್ಳುತ್ತಾಳೆಂದು ಯಾರೋ ಪುಣ್ಯಾತ್ಮರು ಅರ್ಜಿ ಹಾಕಿದ್ದರಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಕೆಲಸ ಮಾಡುವ ಹೆಣ್ಣಿಗೆ ಮದುವೆಯಾಗುವುದಿಲ್ಲ ಎಂದು ನೆಂಟರೆಲ್ಲ ಹೆದರಿಸಿದರೂ ಹಠ ಹಿಡಿದು ಕಲಿತವಳು ನಾನು. ಕೆಲಸ ಹೋದರೆ ಅಪ್ಪನೂ ನಾನೂ ಅಣ್ಣನ ಮನೆ ಬಾಗಿಲು ಕಾಯಬೇಕು.

"ಯಾವ ಮನೆಗೆ ಬೇಕಾದ್ರೂ ಹೋಗಿ ಕೇಳಿ, ನಾನೂ ಬರ್ತೀನಿ. ಮೊದಲು ಒಂಚೂರು ಕಾಫಿ ಕುಡೀರಿ."

"ತನಿಖೆ ಮುಗಿಯೋವರೆಗೂ ನಿಮ್ಮನೇಲಿ ನೀರೂ ಕುಡಿಯೋ ಹಾಗಿಲ್ಲ."

"ಹಂಗಾದ್ರೆ ಬಿಸಿಲಲ್ಲಿ ಒಣಗಿ."

ಅವರು ಲೋಟವನ್ನು ಆಸೆಯಿಂದ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಲೋಟಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು ಎಂದು ನನ್ನ ಅಂದಾಜು.

ಮೊದಲ ಮನೆ ಆವಲಮ್ಮನದು. ಮೂರು ತಿಂಗಳ ಹಿಂದೆ ನಾನೇ ಅವಳ ಹೆರಿಗೆ ಮಾಡಿಸಿದ್ದೆ.

"ನಿಮಗೆ ಮಗು ಯಾವಾಗ ಆಯ್ತಮ್ಮ?" ಎಂದು ಕದಿರೇಶ ಕೇಳಿದರು.

"ನಂಗೆ ಮಗೂನೇ ಇಲ್ಲ ಸ್ವಾಮಿ."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಬೆಳಗಿನ ನಗು ಎಲ್ಲೂ ಇರಲಿಲ್ಲ.

ಆವಲಮ್ಮನಿಗೆ ಹಿಂದೆ ಹುಟ್ಟಿದ ಎರಡು ಮಕ್ಕಳೂ ಉಳಿದಿರಲಿಲ್ಲ. ಅಂಥವರು ನಮ್ಮ ಸೀಮೆಯಲ್ಲಿ ಆಮೇಲೆ ಹುಟ್ಟಿದ ಮಗುವನ್ನು ಒಂದು ಮೊರ ತೌಡಿಗೆ ಬೇರೆಯವರಿಗೆ ಮಾರಿಬಿಡುತ್ತಾರೆ. ಬೆಳೆಸುವುದು ತಾಯಿಯೇ. ಆದರೆ ಮುಡಿ ತೆಗೆಸುವವರೆಗೆ ಅದು ಅವಳದೆಂದು ಅವಳೂ ಹೇಳುವಂತಿಲ್ಲ, ಬೇರೆಯವರೂ ಹೇಳುವಂತಿಲ್ಲ. ಹೇಳಿದರೆ ಸಾವಿನ ಕಿವಿಗೆ ಬೀಳುತ್ತದೆಂದು ಭಯ. ಪಕ್ಕದ ಮನೆಯ ಮುನ್ನೀ ಬೀ ತೌಡು ಕೊಟ್ಟು ಆ ಮಗುವನ್ನು ಕೊಂಡಿದ್ದಳು. ಬೆಂಗಳೂರು ಪೇಟೆಯಲ್ಲಿ ಬೆಳೆದ ಇವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು!

"ನೀವು ಬರೆದಿರೋದ್ರಲ್ಲಿ ಒಂದು ಸುಳ್ಳಾದ್ರೂ ಉಳಿದದ್ದನ್ನ ನಾನು ನಂಬೋ ಹಾಗಿಲ್ಲ," ಎಂದರು ಕದಿರೇಶ. "ಕೆಲಸ ಹೋಗುತ್ತೆ. ಹೇಳೋದಿದ್ರೆ ಈಗಲೇ ಹೇಳಿ."

ಆವಲಮ್ಮ ಬಾಗಿಲು ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಆ ನಂಬಿಕೆಯಿಲ್ಲ. ಆದರೆ ನಾಳೆ ಮಗುವಿಗೆ ಮೈ ಬೆಚ್ಚಗಾದರೂ ಸಾಕು, ನಾನು ಆಡಿದ ಮಾತು ನೆನೆದು ಆ ತಾಯಿ ಕೊರಗಿ ಸಾಯುತ್ತಾಳೆ.

"ನಾನು ಸುಳ್ಳು ಬರ್ದಿಲ್ಲ. ಅದಕ್ಕಿಂತ ಹೆಚ್ಚಿಗೆ ಹೇಳಲ್ಲ. ನೀವು ಏನ್ ಬೇಕಾದ್ರೂ ಬರ್ಕೊಳ್ಳಿ."

ಅಷ್ಟರಲ್ಲಿ ಪಕ್ಕದ ಜಗಲಿಯಿಂದ ಮಗು ಅಳುವುದು ಕೇಳಿಸಿತು. ಮುನ್ನೀ ಬೀ ಅದನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಕದಿರೇಶ ಅಲ್ಲಿಗೆ ನಡೆದರು.

"ಇದು ಯಾರ ಮಗು?"

"ನಂದೇ ಸಾಹೇಬ್ರೇ!"

"ನಿಮಗೆ ವಯಸ್ಸೆಷ್ಟು?"

"ಅರವತ್ತು ದಾಟ್ತು. ಅಲ್ಲಾ ದೊಡ್ಡವನು."

ಅಂಥ ಸಂಕಟದಲ್ಲೂ ನನಗೆ ನಗು ಬಂತು. ಮಗು ಇನ್ನೂ ಜೋರಾಗಿ ಕಿರುಚಿತು. ಆವಲಮ್ಮ ಎಷ್ಟು ಹೊತ್ತು ತಡೆದಾಳು? ಸೆರಗು ಹಾಲಿನಿಂದ ನೆನೆದುಹೋಗಿತ್ತು. ಓಡಿಬಂದು ಮಗುವನ್ನು ಬಾಚಿಕೊಂಡು ಒಳಗೆ ಹೋದಳು. ಮರುಕ್ಷಣವೇ ಅಳು ನಿಂತಿತು.

ಕದಿರೇಶ ತಲೆ ತಗ್ಗಿಸಿ ತಮ್ಮ ಬೂಟು ನೋಡುತ್ತ ನಿಂತರು. ಕಿವಿಗಳು ಕೆಂಪಗಾಗಿದ್ದವು. ಮೆಲ್ಲಗೆ, "ನಿಮ್ಮ ಮಗ ಅದೃಷ್ಟವಂತ ಕಣಮ್ಮ," ಎಂದರು ಮುನ್ನೀ ಬೀಗೆ. "ಹಾಲು ಕುಡಿಸೋರು ಪಕ್ಕದ ಮನೇಲೇ ಇದ್ದಾರೆ."

ಅಷ್ಟೇ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅಲ್ಲೇ ನಾನು ಸೋತುಹೋದೆ. ಮುಚ್ಚಿಡುವುದೇನಿದೆ, ಅಷ್ಟು ನಾಜೂಕಿನ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಉಳಿದ ಮನೆಗಳಿಗೆ ಹೋಗದೆ ಬಸ್ಸು ನಿಲ್ಲುವ ಕಡೆ ನಡೆಯುವಾಗ, "ಒಂದು ಮಾತು ಹೇಳಿದ್ರೆ ಕೆಲಸ ಉಳೀತಿತ್ತಲ್ಲ?" ಎಂದರು.

"ಆಡೋ ಮಾತಲ್ಲ ಅದು."

ಅವರು ನಿಂತುಬಿಟ್ಟರು. ನನ್ನ ಮುಖವನ್ನು ನೋಡಿದ ರೀತಿಗೆ ನಾನು ಸೆರಗು ಸರಿಮಾಡಿಕೊಳ್ಳಬೇಕಾಯಿತು. ಆಮೇಲೆ, "ಈ ವರದಿ ನಾನು ಬರೆಯಲ್ಲ. ಬೇರೆಯವರು ಬರ್ತಾರೆ," ಎಂದರು.

"ಕಣ್ಣಾರೆ ನೋಡಿದ್ರಲ್ಲ? ಇನ್ನೂ ನನ್ನ ಮೇಲೆ ಅನುಮಾನವೇ?"

"ನಿಮ್ಮ ಮೇಲಲ್ಲ, ನನ್ನ ಮೇಲೆ."

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಹೊಗೆ ಉಗುಳುತ್ತ ಬಂತು. ಹತ್ತಿ ಹೋಗಿಯೇಬಿಟ್ಟರು. ಒಂದು ಕಾಗದ ಕೂಡ ಬರೆಯಲಿಲ್ಲ. ಬಯ್ದುಕೊಂಡೂ ಕಾದೆ, ಕಾಯುತ್ತಲೂ ಬಯ್ದೆ.

ಮುಂದಿನ ತಿಂಗಳು ಬಂದವರು ನರಸಿಂಹಪ್ಪ ಎಂಬ ಹಿರಿಯರು. ಮುಳಬಾಗಿಲಿನ ಕಡೆಯವರು, ಅಂದರೆ ನಮ್ಮ ಸೀಮೆಯವರೇ. ಅವರು ಮಗು ಯಾರದೆಂದು ಕೇಳಲೇ ಇಲ್ಲ. "ಈ ಕೂಸಿಗೆ ಮೊದಲ ನೀರು ಹುಯ್ದೋರು ಯಾರು?" ಎಂದರು.

"ನಮ್ಮ ರತ್ನಮ್ಮ!" ಎಂದು ಆವಲಮ್ಮ, ಮುನ್ನೀ ಬೀ ಇಬ್ಬರೂ ಒಟ್ಟಿಗೆ ಕೂಗಿದರು. ಉಳಿದ ಮನೆಗಳಲ್ಲೂ ಅದೇ ಉತ್ತರ.

"ಎಲ್ಲಾ ಸರಿಯಾಗೈತೆ ಅಂತ ಬರೀತೀನಿ," ಎಂದರು ನರಸಿಂಹಪ್ಪ ಹೊರಡುವಾಗ. "ಮದುವೆಗೆ ಮಾತ್ರ ನನ್ನ ಮರೀಬೇಡ."

"ಯಾರ ಮದುವೆ ಸ್ವಾಮಿ?"

ಮುದುಕರು ನಾಲಿಗೆ ಕಚ್ಚಿಕೊಂಡು ಬಸ್ಸು ಹತ್ತಿದರು.

ಆ ಭಾನುವಾರವೇ ಕದಿರೇಶ ಬಂದರು. ಕೋಟಿರಲಿಲ್ಲ, ಬರೀ ಬಿಳಿ ಅಂಗಿ.

"ಯಾರ ಮದುವೆ ರೀ?" ಎಂದೆ ಸೊಂಟದ ಮೇಲೆ ಕೈಯಿಟ್ಟು.

"ತನಿಖೆ ಬಿಟ್ಟುಕೊಡೋಕೆ ಮೇಲಿನವರಿಗೆ ಕಾರಣ ಹೇಳ್ಬೇಕು. ಸುಳ್ಳು ಹೇಳೋ ಹಾಗಿಲ್ಲ. ಆಕೇನ ಮದುವೆ ಆಗ್ಬೇಕು ಅಂತಿದ್ದೀನಿ, ಅದಕ್ಕೇ ನಾನು ನೋಡೋದು ಸರಿಯಲ್ಲ ಅಂದೆ."

"ಇಡೀ ಆಫೀಸಿಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ!"

"ನಿಮ್ಮನ್ನ ಆಗಲೇ ಕೇಳಿದ್ರೆ, ಕೆಲಸ ಉಳಿಸ್ಕೊಳ್ಳೋಕೆ ಹೂಂ ಅಂದ್ರೇನೋ ಅಂತ ನನಗೆ ಜೀವಮಾನವಿಡೀ ಅನುಮಾನ ಇರ್ತಿತ್ತು. ಈಗ ಕೆಲಸ ಭದ್ರ. ಇಲ್ಲ ಅಂದ್ರೂ ನಿಮಗೇನೂ ನಷ್ಟ ಇಲ್ಲ." ಅಂಗಿಯ ತೋಳು ಮಡಚಿದರು, ಮತ್ತೆ ಬಿಚ್ಚಿದರು. "ನಷ್ಟ ಎಲ್ಲಾ ನನಗೇ."

ನನ್ನ ಕೋಪ ಎಲ್ಲಿ ಹೋಯಿತೋ, ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಮದುವೆ ಆದ್ಮೇಲೆ ಕೆಲಸ ಬಿಡು ಅಂತೀರಾ?"

"ನಾನೇ ಕೋಲಾರಕ್ಕೆ ಬಂದು ಮನೆ ಮಾಡ್ತೀನಿ. ನಿಮ್ಮ ಕೆಲಸ ನೋಡೋಕೆ ಮಾತ್ರ ಯಾವತ್ತೂ ಬೇರೆಯವರೇ ಬರ್ತಾರೆ."

"ಬರಲಿ. ಎಷ್ಟು ಜನ ಬೇಕಾದ್ರೂ ಬರಲಿ," ಎಂದೆ. "ನನಗೂ ನೀವೇ ಬೇಕು. ಇದನ್ನಾದ್ರೂ ಆಫೀಸಿಗಿಂತ ಮೊದಲು ನಮ್ಮಪ್ಪಂಗೆ ಹೇಳಿ. ಹಿಪ್ಪುನೇರಳೆ ತೋಟದಲ್ಲಿದ್ದಾರೆ."

ಅವರು ದಾರಿ ಗೊತ್ತಿಲ್ಲದಿದ್ದರೂ ಸರಸರನೆ ಹೊರಟರು.

"ರೀ, ಆ ಕಡೆಯಲ್ಲ, ಈ ಕಡೆ!" ಎಂದು ತೋಳು ಹಿಡಿದು ತಿರುಗಿಸಿದೆ. ಊರಿನವರೆಲ್ಲ ನೋಡುತ್ತಿದ್ದರು. ನಾನು ಹಿಡಿದ ತೋಳು ಬಿಡಲಿಲ್ಲ.