ಕಾವಲಿಗೆ ಹೋದ ನರಿದೇವರು

ಪತ್ತೇದಾರಿಣಿ ಮಾಳವಿಕಾ ಒಮ್ಮೆ ದಿಟ್ಟಿಸಿದರೆ ಸಾಕು, ಕಳ್ಳನೇ ಕೈ ಚಾಚಿ ಕೋಳ ತೊಡಿಸಿಕೊಳ್ಳುತ್ತಾನೆ. ಇಡೀ ಮಿಷಿಗನ್ನಿನಲ್ಲಿ ಅವಳ ಸಮಕ್ಕೆ ನಿಲ್ಲುವ ಪೊಲೀಸರೇ ಇಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿದೆ. ಹತ್ತರಲ್ಲಿ ಐದು ಕೇಸು ಅವಳ ಕೈಯಲ್ಲೂ ಹಳ್ಳ ಹಿಡಿದಿವೆ. ಇದೂ ಹಳ್ಳ ಹಿಡಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳೇ ಅಂದುಕೊಂಡದ್ದುಂಟು.

೨೦೨೫ರ ಫೆಬ್ರವರಿ ೧೧, ಮಂಗಳವಾರ, ಬೆಳಿಗ್ಗೆ ೯.೨೦. ಆನ್ ಆರ್ಬರಿನಲ್ಲಿ ಬಾಯಿಂದ ಬಿದ್ದ ಮಾತು ಮಂಜುಗಡ್ಡೆಯಾಗಿ ಕಾಲ ಮೇಲೆ ಬೀಳುವಂಥ ಚಳಿ. ಊರಿನ ಒಂದು ಚಿಕ್ಕ ಖಾಸಗಿ ಮ್ಯೂಸಿಯಂನಿಂದ ಠಾಣೆಗೆ ದೂರು ಬಂತು. ಉಗ್ರಾಣದ ಕಪಾಟಿನಲ್ಲಿದ್ದ ಈಜಿಪ್ಟಿನ ದೇವರ ಮರದ ವಿಗ್ರಹ ಕಾಣೆಯಾಗಿದೆ. ಒಂಬತ್ತು ಇಂಚು ಉದ್ದ, ಎರಡೂವರೆ ಸಾವಿರ ವರ್ಷ ವಯಸ್ಸು. ನಮ್ಮ ಕಡೆ ಎಫ್‌ಐಆರ್ ಅನ್ನುತ್ತೇವಲ್ಲ, ಅದನ್ನು ಬರೆದುಕೊಂಡು ಮಾಳವಿಕಾ, ಕಾನ್‌ಸ್ಟೇಬಲ್ ಟೈರೆಲ್ ಇಬ್ಬರೂ ಹತ್ತೂಕಾಲಿಗೆ ಅಲ್ಲಿದ್ದರು.

ಪಂಚನಾಮೆ ಶುರುವಾಯಿತು. ಬೀಗ ಒಡೆದಿಲ್ಲ. ಕಪಾಟಿನ ಸ್ಪಂಜಿನ ಹಾಸಿಗೆಯಲ್ಲಿ ಮಲಗಿದ ನರಿಯ ಆಕಾರದ ಗುಳಿ ಮಾತ್ರ ಉಳಿದಿತ್ತು. ಪಕ್ಕದಲ್ಲಿ ಅಚ್ಚಾದ ಚೀಟಿ. ಮಾಳವಿಕಾ ಅದನ್ನು ಓದಿದಳು. ಈ ನರಿದೇವರಿಗೆ ಅನುಬಿಸ್ ಎನ್ನುವುದು ಗ್ರೀಕರು ಕರೆದ ಹೆಸರು, ಅವನ ಊರಿನವರ ಬಾಯಲ್ಲಿ ಇನ್ಪು. ಬೆಟ್ಟದ ಮೇಲಿರುವವನು, ಪವಿತ್ರ ನೆಲದ ಒಡೆಯ ಎಂಬ ಬಿರುದುಗಳು ಗೋರಿಗಳ ಗೋಡೆಗಳಲ್ಲಿ, ಶವಪೆಟ್ಟಿಗೆಗಳ ಮೇಲೆ ಸಿಗುತ್ತವೆ. ನಿಜವಾದ ನರಿಗೆ ಕಪ್ಪು ಬಣ್ಣವಿಲ್ಲ. ಈ ವಿಗ್ರಹದ ಕಪ್ಪು ನೈಲ್ ನದಿಯ ಮೆಕ್ಕಲು ಮಣ್ಣಿನದು, ಮತ್ತೆ ಚಿಗುರುವ ಮಣ್ಣಿನದು. ಪರಲೋಕದ ನ್ಯಾಯತೀರ್ಪಿನಲ್ಲಿ ಎದೆಯ ಗುಂಡಿಗೆಯನ್ನು ತಕ್ಕಡಿಯಲ್ಲಿ ತೂಗುವವರೆಗೆ ಸತ್ತವರ ದೇಹದ ಪಕ್ಕ ಬಿಟ್ಟು ಕದಲದವನು ಇವನು.

ಗುಳಿಯೊಳಗೆ ಹಳದಿ ಕಾಳೊಂದು ಅಂಟಿತ್ತು. ಹುಳದ ಮೊಟ್ಟೆ ಎಂದ ಟೈರೆಲ್. ಮಾಳವಿಕಾ ಚಿಮಟದಿಂದ ಎತ್ತಿ ನೋಡಿದಳು: ಅಕ್ಕಿ, ಅರಿಸಿನ ಹಚ್ಚಿದ್ದು. ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಯಲ್ಲಿ ಅವಳ ಅಮ್ಮ ಹಬ್ಬದ ಮಾರನೆಯ ದಿನ ಗಣಪತಿಯನ್ನು ಕದಲಿಸುವ ಮೊದಲು ಇದನ್ನೇ ಹಾಕುತ್ತಿದ್ದರು. ಕದ್ದವರು ಮೊದಲು ದೇವರ ಅಪ್ಪಣೆ ಕೇಳಿದ್ದಾರೆ ಎಂದಳು. ಕಳ್ಳತನಕ್ಕೂ ಅರ್ಜಿ ಹಾಕುವ ಜನವೇ ನೀವು ಎಂದು ಟೈರೆಲ್ ಕಿಚಾಯಿಸಿದ.

ರಿಜಿಸ್ಟರಿನಲ್ಲಿ ಕಪಾಟು ತೆರೆದವರ ಕೊನೆಯ ಸಹಿ ಜನವರಿ ೨೯ರದು: ನವ್ಯಶ್ರೀ. ಗಂಡನಿಗೆ ಕೆಲಸದ ವೀಸಾ, ಇವಳಿಗೆ ಕೆಲಸ ಮಾಡುವ ಪರವಾನಗಿ ಇಲ್ಲ. ಹಾಗಾಗಿ ಮ್ಯೂಸಿಯಂನಲ್ಲಿ ಬಿಟ್ಟಿ ಸೇವೆ. ಆ ಚೀಟಿ ಬರೆದವಳೂ ಅವಳೇ. ಮ್ಯೂಸಿಯಂನ ಅಧಿಕಾರಿ ದನಿ ತಗ್ಗಿಸಿ ಹೇಳಿದರು: ಸಹಿ ಮಾಡುವ ಎರಡು ದಿನ ಮೊದಲು ಅವಳ ಗಂಡ ಮಂಜೇಶನ ಕಾರು ಹೈವೇ ಮೇಲೆ ಜಾರಿ, ಆತ ತೀರಿಕೊಂಡಿದ್ದ.

ಮಧ್ಯಾಹ್ನ ೧೨.೪೦. ಅಪಾರ್ಟ್‌ಮೆಂಟಿನ ಬಾಗಿಲು ತೆರೆದವರು ಪಕ್ಕದ ಮನೆಯ ಸುವರ್ಣಮ್ಮ. ಅವರ ಕಣ್ಣು ಟೈರೆಲ್‌ನ ದೋಣಿಯಂಥ ಬೂಟುಗಳ ಮೇಲೆ ಬಿತ್ತು.

"ಶೂ ಬಿಚ್ಚಿ ಬಾಮ್ಮ. ಪೊಲೀಸರಾದ್ರೇನು, ಕೆಸರು ಕೆಸರೇ ಅಲ್ವಾ. ಆ ದೋಣಿಗಳನ್ನ ಹೊರಗೇ ಕಟ್ಟಿಹಾಕೋಕೆ ಹೇಳು."

ಒಳಗೆ ಎರಡು ಸೂಟ್‌ಕೇಸು, ಒಂದರ ಮೇಲೆ ಬಿಳಿ ಬಟ್ಟೆ ಕಟ್ಟಿದ ಬೂದಿಯ ಕರಂಡಕ. ಶನಿವಾರ ವಿಮಾನ. ಗಂಡನ ಜೊತೆಗೇ ವೀಸಾನೂ ಹೋಗಿತ್ತು. ಅವನನ್ನು ಶ್ರೀರಂಗಪಟ್ಟಣದ ಹೊಳೆಗೆ ಬಿಟ್ಟರೆ ಸಾಕು, ಅದೊಂದೇ ಬಾಕಿ ಎಂದರು ಸುವರ್ಣಮ್ಮ.

ಸುಮ್ಮನಿರುವ ಹಕ್ಕು ನಿಮಗಿದೆ ಎಂದು ಮಾಳವಿಕಾ ನವ್ಯಶ್ರೀಗೆ ಇಂಗ್ಲಿಷಿನಲ್ಲೂ ತನ್ನ ಹರಕು ಕನ್ನಡದಲ್ಲೂ ಹೇಳಿದಳು. ನವ್ಯಶ್ರೀ ತಲೆಯಾಡಿಸಿದಳು.

"ಆ ದೇವರು ಎಲ್ಲಿದೆ?"

"ಮಂಜೇಶ್ ಜೊತೆ ಕಳಿಸ್ದೆ."

"ಯಾಕೆ?"

"ಪೇಪರ್ಸ್ ಆಗಿಲ್ಲ, ಫ್ಯೂನರಲ್ ಹೋಮಲ್ಲಿ ಇನ್ನೂ ಐದು ದಿನ ಇಡ್ಬೇಕು ಅಂದ್ರು. ಪಕ್ಕದಲ್ಲಿ ಕೂತ್ಕೋತೀನಿ ಅಂದೆ, ಅಲೋ ಮಾಡಲ್ಲ ಅಂದ್ರು. ನಮ್ಮ ಕಡೆ ಒಂದು ಗಳಿಗೆ ಒಬ್ಬರನ್ನೇ ಬಿಡ್ತಾರಾ ಮೇಡಂ? ಕಾಯೋರು ಯಾರು ಅಂತ ಆ ಚೀಟೀಲಿ ನಾನೇ ಬರೆದಿಟ್ಟಿದ್ದೆ."

ಮಂಜೇಶನ ರೇಷ್ಮೆ ಪಂಚೆಯಲ್ಲಿ ತುಳಸಿ, ಗಂಧದ ಜೊತೆ ವಿಗ್ರಹವನ್ನು ಸುತ್ತಿ ಕೊಟ್ಟಿದ್ದಳು. ಫ್ಯೂನರಲ್ ಹೋಮಿನವರು ಗಂಟು ಬಿಚ್ಚದೆ ದೇಹದ ಪಕ್ಕದಲ್ಲಿಟ್ಟರು. ಫೆಬ್ರವರಿ ೩, ಸೋಮವಾರ, ದಹನಕ್ಕೆ ಮೊದಲು ತೆಗೆದು ಕಪಾಟಿಗೆ ಹಿಂತಿರುಗಿಸುವುದೆಂದು ಅವಳ ಲೆಕ್ಕ. ಆ ಬೆಳಿಗ್ಗೆ ಊರಿನ ಹಿರಿಯರು ವಿಡಿಯೊ ಕಾಲಿನಲ್ಲಿ ಬಂದು, ಹೆಂಗಸರು ದಹನಕ್ಕೆ ಹೋಗುವಂತಿಲ್ಲ ಎಂದರು. ಮೂವರು ಸ್ನೇಹಿತರಷ್ಟೇ ಹೋದರು.

"ಅವರಿಗೆ ಹೇಳ್ಬಹುದಿತ್ತಲ್ಲ?"

"ಏನಂತ? ಒಳಗೆ ಕದ್ದ ದೇವರಿದೆ, ತೆಗೀರಿ ಅಂತಾನಾ? ಫೋನ್ ಕೈಯಲ್ಲೇ ಇತ್ತು. ಹನ್ನೊಂದಕ್ಕೆ ದಹನ, ಅಲ್ಲೀವರೆಗೂ ಗಡಿಯಾರ ನೋಡ್ತಾ ಕೂತಿದ್ದೆ."

ಸುವರ್ಣಮ್ಮ ಒಲೆ ಆರಿಸಿದರು. "ಎದ್ದೆದ್ದು ಓಡ್ತಿದ್ಳು ಕಣಮ್ಮ. ಬೇಡ, ಹೋಗ್ಬಾರ್ದು ಅಂತ ಹಿಡ್ಕೊಂಡು ಕೂತೋಳು ನಾನೇ."

೩.೧೫ಕ್ಕೆ ಫ್ಯೂನರಲ್ ಹೋಮಿನ ಪುಸ್ತಕ ನೋಡಿದ್ದಾಯಿತು: ಬಟ್ಟೆಯ ಗಂಟು ಒಂದು, ಬಿಚ್ಚಿಲ್ಲ, ದೇಹದೊಂದಿಗೆ. ಸಾವಿರದ ಆರುನೂರು ಡಿಗ್ರಿ ಫ್ಯಾರನ್‌ಹೀಟ್ ಬೆಂಕಿಯಲ್ಲಿ ಒಣಮರ ಎರಡು ನಿಮಿಷವೂ ಉಳಿಯದು ಎಂದರು ಅಲ್ಲಿಯವರು.

೪.೩೦ಕ್ಕೆ ಸರ್ಕಾರಿ ವಕೀಲರಿಂದ ಆದೇಶ ಬಂತು: ಬಂಧಿಸಿ. ವಿಗ್ರಹದ ಬಣ್ಣದ ಕಣ ಬೂದಿಯಲ್ಲಿ ಇದ್ದೀತು. ಕರಂಡಕವನ್ನು ವಶಪಡಿಸಿಕೊಂಡು ಲ್ಯಾಬಿಗೆ ಕಳಿಸಿ. ಎಷ್ಟು ದಿನ ಎಂದು ಮಾಳವಿಕಾ ಕೇಳಿದಳು. ಆರೇಳು ತಿಂಗಳು. ಒಂದು ಚಮಚ ಸಾಲದೇ ಎಂದು ಬೇಡಿಕೊಂಡಳು. ಮನುಷ್ಯನದು ಯಾವುದು, ದೇವರದು ಯಾವುದು ಎಂದು ನೀನು ಆರಿಸುತ್ತೀಯಾ ಎಂದು ಅತ್ತಲಿಂದ ಕೇಳಿದರು.

೫.೨೫. ನವ್ಯಶ್ರೀ ಎರಡೂ ಕೈ ಮುಂದೆ ಹಿಡಿದಳು. ಕೋಳ ಬಿತ್ತು.

"ನನ್ನ ಕರ್ಕೊಂಡ್ ಹೋಗಿ ಮೇಡಂ. ಅವ್ರನ್ನ ಬಿಟ್ಬಿಡಿ. ಆಂಟಿ ಕೈಲಾದ್ರೂ ಊರಿಗೆ ಕಳಿಸ್ತೀನಿ."

ಟೈರೆಲ್ ಕಿಟಕಿಯತ್ತ ತಿರುಗಿ ನಿಂತ. ಬಂಧನದ ವರದಿಯಲ್ಲಿ ಅಪರಾಧಕ್ಕೆ ಕಾರಣ ಎಂಬಲ್ಲಿ ಮಾಳವಿಕಾ ಬರೆದಳು: ಗಂಡನ ಪಕ್ಕ ಯಾರಾದರೊಬ್ಬರು ಇರಲಿ ಎಂದು. ಕೆಳಗೆ ಇನ್ನೊಂದೇ ಸಾಲು ಖಾಲಿಯಿತ್ತು, ವಶಪಡಿಸಿಕೊಂಡ ವಸ್ತು. ಅವಳು ಒಂದು ಸಲ ಕರಂಡಕ ನೋಡಿದಳು, ಒಂದು ಸಲ ಸುವರ್ಣಮ್ಮನನ್ನು ನೋಡಿದಳು, ಆಮೇಲೆ ಆ ಸಾಲಿನಲ್ಲಿ ಒಂದೇ ಒಂದು ಪದ ಬರೆದು ಸಹಿ ಹಾಕಿದಳು. ಏನು ಬರೆದಿರಬಹುದು, ನೀವೇ ಊಹಿಸಿ ಹೇಳಿ ನೋಡೋಣ.