ಹಿಮಕ್ಕೆ ಹೊರಟವರ ಬೀಕನ್ ಕಳವು

ಫೆಬ್ರವರಿಯ ಆ ಸೋಮವಾರ ಬೆಳಿಗ್ಗೆ ಹುಣಸೂರು ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ಕರಿಯಯ್ಯನಿಗೆ ನಗು ತಡೆಯಲಾಗಲಿಲ್ಲ. ಪಂಪ್‌ಸೆಟ್ ಕಳವು, ಮೇಕೆ ಕಳವು ಬರೆದು ಕೈ ಸವೆಸಿಕೊಂಡವನು. ಹಿಮದಲ್ಲಿ ಜಾರುವವರ ಸಾಮಾನು ಹುಣಸೂರಿನಲ್ಲಿ ಕಳುವಾಗಿದೆ ಎಂದರೆ ಪಾಪ, ಅವನೇನು ಮಾಡಬೇಕು? ಸಬ್ ಇನ್ಸ್‌ಪೆಕ್ಟರ್ ಲಕ್ಷ್ಮಿದೇವಿ ನಗಲಿಲ್ಲ.

ದೂರುದಾರ ನಟರಾಜು ಮಾಜಿ ಸೈನಿಕ. ಕಾಶ್ಮೀರದಲ್ಲಿದ್ದಾಗ ಹಿಮದ ಮೇಲೆ ಜಾರುವ ಸ್ಕೀ ಕಲಿತಿದ್ದ. ಈಗ ವರ್ಷಕ್ಕೊಮ್ಮೆ ನಾಲ್ಕಾರು ಜನರನ್ನು ಹಿಮಾಚಲಕ್ಕೆ ಕರೆದೊಯ್ದು, ರೋಪ್‌ವೇ ಇಲ್ಲದ ಬೆಟ್ಟವನ್ನು ಕಾಲಿಗೆ ಸ್ಕೀ ಹಲಗೆ ಕಟ್ಟಿಸಿಯೇ ಹತ್ತಿಸಿ, ಜಾರಿಸಿ ಇಳಿಸುತ್ತಿದ್ದ.

"ಏನೇನು ಹೋಗಿದೆ?"

"ಆರು ಬೀಕನ್ ಮೇಡಂ. ಎದೆಗೆ ಕಟ್ಕೊಳೋದು. ಹಿಮ ಕುಸಿದು ಹೂತ್ಕೊಂಡ್ರೆ ಎಲ್ಲಿದ್ದೀವಿ ಅಂತ ಮೇಲಿರೋರಿಗೆ ಸಿಗ್ನಲ್ ಕೊಡುತ್ತೆ."

"ಸ್ಕೀ?"

"ಎಲ್ಲಾ ಅಂಗೇ ಅವೆ."

"ಹಾಗಾದ್ರೆ ಪ್ರವಾಸ ನಿಂತ ಹಾಗೆ."

"ಯಾಕ್ ನಿಲ್ಲುತ್ತೆ? ಸಂಜೆ ಐದರ ಬಸ್ಸು. ಓದ್ ವರ್ಷ ಕಟ್ಕೊಂಡಿದ್ವಿ, ಬೇಕಾಯ್ತಾ?"

ಲಕ್ಷ್ಮಿದೇವಿ ಮನೆಯೊಳಗಿನ ಕಳವಿಗೆ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್ಐಆರ್ ಹಾಕಿಸಿ, ಕರಿಯಯ್ಯನನ್ನು ಜೀಪು ಹತ್ತಿಸಿದಳು.

ನಟರಾಜುವಿನ ಮನೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಸಾಮಾನಿನ ಕೋಣೆಯ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ: ನಟರಾಜು, ಹೆಂಡತಿ ಅನುಶ್ರೀ, ಮತ್ತು ಆಕೆಯ ತಮ್ಮ ಶರತ್. ಹನಗೋಡಿನ ಈ ಹುಡುಗ ಪ್ರತಿ ವರ್ಷ ಭಾವನ ಜೊತೆ ಹೋಗಿ ಸಾಮಾನು ನೋಡಿಕೊಳ್ಳುತ್ತಿದ್ದ. ಈ ಸಲ ಮೈ ಹುಷಾರಿಲ್ಲವೆಂದು ಮನೆಯಲ್ಲೇ ಉಳಿದಿದ್ದ.

ಅನುಶ್ರೀ ಬ್ಯಾಗಿಗೆ ಉಣ್ಣೆಯ ಟೋಪಿ ತುರುಕುತ್ತಿದ್ದಳು.

"ನೀವೂ ಹೊರಟ್ರಾ?"

"ಮೊದಲನೇ ಸಲ ಮೇಡಂ."

"ಆ ಮೆಷಿನ್ ಇಲ್ದೆ ಭಯ ಆಗಲ್ವಾ?"

"ಇವ್ರು ಇರ್ತಾರಲ್ಲ," ಎಂದಳು.

ಹನಗೋಡಿನಲ್ಲಿ ಶರತ್ ಜಗುಲಿಯ ಮೇಲೆಯೇ ಕೂತಿದ್ದ. ಜ್ವರದ ಮುಖವಲ್ಲ, ನಿದ್ದೆಗೆಟ್ಟ ಮುಖ. ಕೇಳಿದ್ದಕ್ಕೆಲ್ಲ "ನಂಗೊತ್ತಿಲ್ಲ ಮೇಡಂ" ಎಂದ. ಲಕ್ಷ್ಮಿದೇವಿಯ ಕಣ್ಣು ಹಿತ್ತಲಲ್ಲಿದ್ದ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮೇಲೆ ಬಿತ್ತು.

"ಸೀಸನ್ ಮುಗಿದು ಎಷ್ಟು ದಿನ ಆಯ್ತು. ಖಾಲಿ ಬ್ಯಾರನ್‌ಗೆ ಹೊಸ ಬೀಗ ಯಾಕಪ್ಪಾ?"

ಪಂಚರ ಸಮಕ್ಷಮ ಬಾಗಿಲು ತೆಗೆಸಿದಾಗ ಗೋಣಿಚೀಲದಲ್ಲಿ ಆರೂ ಸಿಕ್ಕವು.

"ಮಾರಕ್ಕೇನ್ಲಾ?" ಎಂದ ಕರಿಯಯ್ಯ.

"ಅಲ್ಲ ಕಣಣ್ಣ. ಓದ್ವಾರ ಅಲ್ಲಿ ಸೊಂಟದುದ್ದ ಹೊಸ ಹಿಮ ಬಿದ್ದದೆ. ಅದು ಗಟ್ಟಿಯಾಗಕ್ಕೆ ಟೈಮ್ ಕೊಡ್ಬೇಕು, ಇಲ್ಲಾಂದ್ರೆ ಕುಸೀತದೆ. ಭಾವ ಓದ್ ವರ್ಷದ ಅದೇ ಕಡಿದಾದ ಇಳಿಜಾರಿಗೆ ಕರ್ಕೊಂಡೋಗ್ತಾರೆ. ಈ ಸಲ ಅಕ್ಕಾನೂ ಹೊಂಟವಳೆ. ಬೀಕನ್ ಇಲ್ದೆ ಯಾರೂ ಬೆಟ್ಟ ಅತ್ತಂಗಿಲ್ಲ. ಅಂಗಾದ್ರೂ ನಿಲ್ಲುತ್ತೆ ಅಂತ."

ಲಕ್ಷ್ಮಿದೇವಿ ಗಡಿಯಾರ ನೋಡಿದಳು. "ನಿಂತಿಲ್ಲ ಶರತ್. ಬೀಕನ್ ಇಲ್ದೇನೇ ಸಂಜೆ ಹೊರಟಿದ್ದಾರೆ."

ಹುಡುಗ ಗೋಣಿಚೀಲದ ಕಡೆ ತಿರುಗಿದ. ಉಳಿಸಲು ಹೋಗಿ ಅಕ್ಕನ ಪ್ರಾಣಕ್ಕೆ ತಾನೇ ಕುತ್ತು ತಂದಿದ್ದ.

"ಬೇಡ ಅಂತ ಭಾವನಿಗೆ ಹೇಳೋಕೇನಾಗಿತ್ತು?"

"ಅಕ್ಕನ್ನ ಕೊಟ್ಟ ಮನೆ ಕಣ್ರೀ ಮೇಡಂ. ನಾವು ಎದುರಾಡಿದ್ರೆ ನಾಳೆ ಅವಳೇ ಮಾತು ಕೇಳ್ಬೇಕು."

ದಸ್ತಗಿರಿ ಮೆಮೊಗೆ ಸಹಿ ಮಾಡಿಸಿ ಜೀಪು ಹತ್ತಿಸಿದರು. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಆಗಲೇ ಗುಡುಗುತ್ತಿತ್ತು. ಬೀಕನ್ ನೋಡಿ, ಬಸ್ಸಿನ ಬಾಗಿಲಲ್ಲಿದ್ದ ನಟರಾಜು ಕೈಚಾಚಿದ. "ಸಿಕ್ತಲ್ಲ, ಕೊಡಿ ಮೇಡಂ."

"ಜಪ್ತಿ ಮಾಲು. ಕೋರ್ಟ್ ಹೇಳೋವರೆಗೂ ಕೊಡೋ ಹಾಗಿಲ್ಲ."

"ಬುಡಿ, ಅಂಗೇ ಓಯ್ತೀವಿ." ಆಗ ಅವನಿಗೆ ಕರಿಯಯ್ಯನ ಹಿಂದೆ ನಿಂತ ಭಾವಮೈದ ಕಂಡ. "ನೀನೇನ್ಲಾ ಕದ್ದಿದ್ದು?"

ಕಂಡಕ್ಟರ್ ಸೀಟಿ ಊದಿದ. ಇನ್ನು ಈ ಹುಡುಗನೇ ಬಾಯಿ ಬಿಡಬೇಕು ಎಂದು ಲಕ್ಷ್ಮಿದೇವಿ ಅವನ ಕಡೆ ನೋಡಿದಳು. ಪ್ರವಾಸ ತಡೆಯಲು ಅವಳ ಕೈಯಲ್ಲಿ ಯಾವ ಕಲಮೂ ಇರಲಿಲ್ಲ.

"ಭಾವ, ಬ್ಯಾಡ," ಎಂದ ಶರತ್, ಬಸ್ಸಿನ ಕಿಟಕಿಯ ಕಡೆ ತಿರುಗಿದ. "ಅಕ್ಕಾ, ಇಳಿಯೇ. ಹಿಮ ಸರಿಯಿಲ್ಲ ಕಣೇ."

ಅನುಶ್ರೀ ಗಂಡನ ಮುಖ ನೋಡಿದಳು, ತಮ್ಮನ ಕೈ ಹಿಡಿದಿದ್ದ ಪೊಲೀಸನನ್ನು ನೋಡಿದಳು. ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟಳು. ಆಕೆಯ ಹಿಂದೆ ಪ್ರವಾಸಕ್ಕೆ ಹೊರಟಿದ್ದ ಪಿರಿಯಾಪಟ್ಟಣದ ಮೂವರೂ, ಕಡೆಗೆ ನಟರಾಜುವೂ ಇಳಿದರು. ಬಸ್ಸು ಹೋಯಿತು.

ನಟರಾಜು ಠಾಣೆಗೆ ಬಂದಾಗ ಕತ್ತಲಾಗುತ್ತಿತ್ತು. ಕೇಸು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ರಾಜಿ ಏನಿದ್ದರೂ ಕೋರ್ಟಿನಲ್ಲಿ ಎಂದಳು ಲಕ್ಷ್ಮಿದೇವಿ. ಅವನು ಎದ್ದು ಹೋಗಲಿಲ್ಲ.

"ಓದ್ ವರ್ಷ ನಾವು ದಾಟಿದ ಮೇಲೆ ಆ ಇಳಿಜಾರು ಪೂರ್ತಿ ಕುಸೀತು ಮೇಡಂ. ಅದೃಷ್ಟ ಚೆನ್ನಾಗದೆ ಅಂತ ನಕ್ಕಿದ್ದೆ. ಅದು ಕುಸಿಯುತ್ತೆ ಅಂತ ಇವನಿಗೆ ಮೊದಲೇ ಗೊತ್ತಿತ್ತಾ?"

"ಹೇಳಿಕೆ ಕೊಡುವಾಗ ಹೇಳ್ದ. ಕಾಲ ಕೆಳಗೆ ಹಿಮ ಧಸಕ್ ಅಂತ ಕೂತಿದ್ದು ಕೇಳಿಸ್ತಂತೆ, ಅದೇ ಕುಸಿಯೋ ಗುರುತಂತೆ. ನೀವು ಮುಂದೆ ಇದ್ರಂತೆ. ಕೂಗೋಕೆ ಹೆದರಿ ಸುಮ್ನೆ ಹಿಂದೆ ಬಂದನಂತೆ."

ಲಾಕಪ್ಪಿನೊಳಗೆ ಶರತ್ ಗೋಡೆಗೊರಗಿ ನಿದ್ದೆ ಹೋಗಿದ್ದ. ನಟರಾಜು ಕಂಬಿಯ ಹತ್ತಿರ ಹೋಗಿ ನಿಂತ, ಎಬ್ಬಿಸಲಿಲ್ಲ. "ನನ್ಗೇನ್ಲಾ ಅಷ್ಟೊಂದ್ ಎದರ್ತಿದ್ದೆ," ಎಂದು ಮೆಲ್ಲಗೆ ಕೇಳಿ, ಅಲ್ಲೇ ಬೆಂಚಿನ ಮೇಲೆ ಕೂತ.