ಖಾಲಿ ಮಂಚದ ಹೂಂ

ನಾಲತವಾಡದ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಅಪ್ಪನ ಮೂತ್ರಚೀಲದಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು. ಮರುದಿನ ವಿಜಯಪುರದಲ್ಲಿ ಆಪರೇಷನ್. "ನಾ ಒಲ್ಲೆ, ಬರೂದಿಲ್ಲ" ಎಂದು ಬೆಳಿಗ್ಗೆಯಿಂದ ಹಟ ಹಿಡಿದಿದ್ದ.

ಮಧ್ಯಾಹ್ನ ಕರೆಂಟ್ ಹೋಯಿತು. ಬಿಸಿಲಿಗೆ ಕಿಟಕಿ ಮುಚ್ಚಿ, ಅವನ ಮಂಚಕ್ಕೆ ಬೆನ್ನು ಆನಿಸಿ ನೆಲದ ಮೇಲೆ ಕುಳಿತೆ. ಹೊಟ್ಟೆಯಲ್ಲಿ ಉರಿ ಎದ್ದಾಗ ಅಪ್ಪ ಹಲ್ಲು ಕಚ್ಚಿ, "ಭಾಗ್ಯಾ, ನಮ್ಮವ್ವ ಹೇಳತಿದ್ದ ಕಥಿ ಹೇಳವಾ" ಅಂದ.

ಅಪ್ಪನ ಅವ್ವ, ತೀರಿಕೊಂಡ ನಮ್ಮ ಆಯಿಯ ಕಥೆಗಳಿಗೊಂದು ಕಟ್ಟಳೆಯಿತ್ತು. ಕೇಳುವವರು ಪ್ರತಿ ಮಾತಿಗೂ ಹೂಂ ಅನ್ನಬೇಕು. ಹೂಂ ಬರುತ್ತಿರುವಷ್ಟು ಹೊತ್ತು ಹೇಳುವವರು ನಿಲ್ಲಿಸಬಾರದು.

ನನ್ನ ರೂಢಿಯಂತೆ ಕಣ್ಣು ಮುಚ್ಚಿಕೊಂಡು ಹೇಳತೊಡಗಿದೆ. ಅಪ್ಪ ಹೂಂ ಅನ್ನುತ್ತಿದ್ದ. ಬರಬರುತ್ತ ಹೂಂ ಮೆತ್ತಗಾಯಿತು. ನೋವು ಇಳಿದಿರಬೇಕು ಎಂದುಕೊಂಡೆ. ಆದರೆ ಅಂಥ ಸೆಕೆಯಲ್ಲೂ ಕುತ್ತಿಗೆಗೆ ತಣ್ಣನೆಯ ಉಸಿರು ತಾಗುತ್ತಿತ್ತು. ಅದರಲ್ಲಿ ಆಯಿ ಹಲ್ಲಿಗೆ ತಿಕ್ಕುತ್ತಿದ್ದ ಮಿಶ್ರಿಯ, ಸುಟ್ಟ ತಂಬಾಕಿನ ಪುಡಿಯ ವಾಸನೆಯಿತ್ತು.

ಬಚ್ಚಲ ಬಾಗಿಲು ಕಿರುಗುಟ್ಟಿತು. ಕಣ್ಣು ತೆರೆದರೆ, ಅಪ್ಪ ಗೋಡೆ ಹಿಡಿದುಕೊಂಡು ಎದುರಿಗೆ ನಿಂತಿದ್ದ.

"ಹುಚ್ಚಿ, ಖಾಲಿ ಮಂಚಕ್ಕ ಕಥಿ ಹೇಳಾಕತ್ತೀಯೇನು? ನಾ ಒಳಗ ಹೋಗಿ ಅರ್ಧ ತಾಸಾತು."

ನಾನು ಮಾತು ನಿಲ್ಲಿಸಿದೆ. ಹಿಂದಿನಿಂದ ಮತ್ತೆ ಹೂಂ ಬಂತು. ಅಪ್ಪನಿಗೂ ಕೇಳಿಸಿತು. "ನಾಳೆ ವಿಜಯಪುರಕ್ಕ ಹೋಗೂಣು" ಅಂದ. ಮಂಚದ ಹತ್ತಿರ ಮಾತ್ರ ಬರಲಿಲ್ಲ.

ಮರುದಿನ ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲ ಮುಂದೆ ಅಪ್ಪ ನನ್ನತ್ತ ತಿರುಗಿದ.

"ಉಳಿದ ಕಥಿ ನಾ ಹೊರಗ ಬಂದ ಮ್ಯಾಲೆ ಹೇಳ್ತಿ, ಹೌದಿಲ್ಲೊ?"

ನಾನು ಬಾಯಿ ತೆರೆಯುವ ಮೊದಲೇ, ಆ ಮುಚ್ಚಿದ ಬಾಗಿಲ ಒಳಗಿನಿಂದ ಯಾರೋ ಅದೇ ಮೆತ್ತನೆಯ ದನಿಯಲ್ಲಿ ಹೂಂ ಅಂದರು.